ನಿಂತ ದನಿ, ಕೂತ ದನಿ

ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಹಕ್ಕನ್ನು ನಮ್ಮ ಅತ್ತೆ ನನ್ನಿಂದ ಕಿತ್ತುಕೊಂಡು ಬಹಳ ಕಾಲವಾಯಿತು. "ಆಟ ಆಡಿಸ್ತಾಳೆ. ಅದಕ್ಕೆ ಸಂಬಳಾನೂ ಕೊಡ್ತಾರೆ," ಎಂದು ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಎಲ್ಲೋ ಚಿಕ್ಕ ಮಕ್ಕಳ ಶಾಲೆಯಲ್ಲಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಅತ್ತೆ ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ನಾನು ಮಾಡುವುದು ಆಟವೇ, ಆದರೆ ಆಡುವವರು ದೊಡ್ಡವರು. ಹೊಸದಾಗಿ ಕ್ರೇನ್ ಕಲಿಯುವವರು ಮೊದಲ ಸಲ ಕಂಬಕ್ಕೆ ಗುದ್ದುವುದು ನನ್ನ ಪರದೆಯ ಮೇಲೆ. ಹೊಸ ನರ್ಸ್‌ಗಳು ಮೊದಲ ಸಲ ಔಷಧಿ ಅದಲುಬದಲು ಮಾಡುವುದು ನನ್ನ ಸುಳ್ಳು ವಾರ್ಡಿನಲ್ಲಿ. ತಪ್ಪು ಮಾಡುತ್ತಾರೆ, ನಾಲಿಗೆ ಕಚ್ಚಿಕೊಳ್ಳುತ್ತಾರೆ, ಮತ್ತೆ ಆಡುತ್ತಾರೆ. ಯಾರಿಗೂ ಒಂದು ಗೀರೂ ಆಗಿರುವುದಿಲ್ಲ.

ಈ ಕೆಲಸಕ್ಕೆ ನಾನು ಬಂದದ್ದು ಪಠ್ಯಪುಸ್ತಕದ ಚಿತ್ರಗಳಿಂದ. ಹೃದಯದ ಚಿತ್ರ ಬರೆದು ಬಾಣ ಹಾಕುವುದು, ನೀರಿನ ಪಂಪಿನ ಚಿತ್ರ ಬರೆದು ಬಾಣ ಹಾಕುವುದು. ಬಾಣ ಹಾಕುತ್ತಾ ಹಾಕುತ್ತಾ ತಲೆಗೆ ಒಂದು ಹುಳ ಹೊಕ್ಕಿತು: ಈ ಕೊಳವೆ ಕಟ್ಟಿಕೊಂಡರೆ ಆ ಬಾಣ ಎಲ್ಲಿ ಹೋಗುತ್ತದೆ? ಪುಸ್ತಕವನ್ನು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಹಾಗಾಗಿ ಕೊಳವೆಯನ್ನು ಮುಚ್ಚಿ ನೋಡಬಹುದಾದಂಥ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಅದನ್ನು ನೋಡಿದ ನರ್ಸಿಂಗ್ ಮೇಷ್ಟ್ರೊಬ್ಬರು ಇನ್ನೊಂದು ಮಾಡಿಕೊಡಿ ಅಂದರು. ಆಮೇಲೆ ಹಿಂದಿರುಗಿ ನೋಡಲಿಲ್ಲ ಎಂದು ಇಲ್ಲಿ ಬರೆಯಬೇಕು, ಆದರೆ ನಾನು ದಿನಕ್ಕೆ ಹತ್ತು ಸಲ ಹಿಂದಿರುಗಿ ನೋಡುವವಳು. ಯಾವುದಾದರೂ ಯಾಕೆ ಹಾಗಾಯಿತು ಎಂದು ಗೊತ್ತಾಗದಿದ್ದರೆ ನನಗೆ ಊಟ ಸೇರುವುದಿಲ್ಲ. ಮನೆಯವರಿಗೂ ಸೇರಗೊಡುವುದಿಲ್ಲ, ಇದು ನನ್ನ ಗಂಡನ ದೂರು.

ಈಗ ಹೇಳುತ್ತಿರುವುದು ಆಂಬುಲೆನ್ಸ್ ಕರೆಗಳ ಆಟದ ವಿಷಯ. ನಗರದ ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವವರಿಗೆ ತರಬೇತಿ ಕೊಡಲು ನನ್ನಿಂದ ಒಂದು ಆಟ ಮಾಡಿಸಿದ್ದರು. ಆಡುವವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಕರೆ ಬರುತ್ತದೆ, ಯಾರೋ ಮಾತಾಡುತ್ತಾರೆ. ಪರದೆಯ ಮೇಲಿನ ಪ್ರಶ್ನೆಗಳಲ್ಲಿ ಬೇಕಾದ್ದನ್ನು ಆರಿಸಿ ಬಾಯಿಬಿಟ್ಟು ಕೇಳಬೇಕು, ಆ ಕಡೆಯಿಂದ ಉತ್ತರ ಬರುತ್ತದೆ. ತೀರ್ಮಾನಕ್ಕೆ ಎರಡೇ ಗುಂಡಿ, ಯಾವಾಗ ಬೇಕಾದರೂ ಒತ್ತಬಹುದು. ಕೆಂಪು ಒತ್ತಿದರೆ ಆಂಬುಲೆನ್ಸ್ ಈಗಲೇ ಹೊರಟಿತು. ಹಸಿರು ಒತ್ತಿದರೆ ಇದು ಅವಸರದ್ದಲ್ಲ, ಸಲಹೆ ಕೊಟ್ಟರೆ ಸಾಕು. ಸರಿಯಾದ ಗುಂಡಿಯನ್ನು ಬೇಗ ಒತ್ತಿದಷ್ಟೂ ಅಂಕ ಹೆಚ್ಚು.

ಕರೆ ಮಾಡುವವರ ದನಿಗಳೆಲ್ಲ ನಮ್ಮ ಮನೆಯವು. ನಟರನ್ನು ಕರೆಸಿದರೆ ಅವರು ನಟಿಸುತ್ತಾರೆ, ಅದೇ ತೊಂದರೆ. ಇದರ ಬಗ್ಗೆ ನನ್ನದೇ ಒಂದು ಸಿದ್ಧಾಂತ ಇತ್ತು, ಅದನ್ನು ನಾನು ನಾಲ್ಕಾರು ಸಭೆಗಳಲ್ಲಿ ಎದೆಯುಬ್ಬಿಸಿ ಹೇಳಿಯೂ ಇದ್ದೆ: ದನಿಯಲ್ಲಿ ಎರಡು ಜಾತಿ, ನಿಂತ ದನಿ ಮತ್ತು ಕೂತ ದನಿ. ನಿಜವಾಗಿ ಕಷ್ಟದಲ್ಲಿರುವವರು ನಿಂತಿರುತ್ತಾರೆ, ಅವರ ಕೈ ಏನಾದರೂ ಮಾಡುತ್ತಿರುತ್ತದೆ. ಆದ್ದರಿಂದ ಗಂಭೀರವಾದ ಕರೆಗಳನ್ನೆಲ್ಲ ಅಡುಗೆಮನೆಯಲ್ಲಿ, ನಿಂತುಕೊಂಡು, ಕೈಗೆ ಕೆಲಸ ಕೊಟ್ಟು ರೆಕಾರ್ಡ್ ಮಾಡುತ್ತಿದ್ದೆ. ಅತ್ತೆ ಹುರುಳಿಕಾಯಿ ಮುರಿಯುತ್ತಾ, ಎದೆ ನೋವು ಎಂದು ಯಾವ ರಾಗವೂ ಇಲ್ಲದೆ ಹೇಳಿದ್ದನ್ನು ಕೇಳಿ ನನಗೇ ಎದೆ ಧಸಕ್ಕೆಂದಿತ್ತು. ಸುಮ್ಮನೆ ಗಾಬರಿಯಾಗಿ ಫೋನ್ ಮಾಡುವವರು ಕೂತಿರುತ್ತಾರೆ. ಅಂಥವನ್ನು ಮಲಗುವ ಕೋಣೆಯಲ್ಲಿ, ದನಿ ಗೋಡೆಗೆ ಬಡಿದು ಮರಳದಂತೆ ಬಟ್ಟೆಯ ಬೀರು ತೆರೆದಿಟ್ಟು, ದಿಂಬುಗಳ ನಡುವೆ ಕೂರಿಸಿ ರೆಕಾರ್ಡ್ ಮಾಡುತ್ತಿದ್ದೆ. ನನ್ನ ಗಂಡ ಅಲ್ಲಿ ಕೂತು, ಬೆರಳಿಗೆ ಮುಳ್ಳು ಚುಚ್ಚಿದ್ದಕ್ಕೆ ಆಂಬುಲೆನ್ಸ್ ಕೇಳುವವರ ಪಾತ್ರವನ್ನು ಬಹಳ ಸಹಜವಾಗಿ ಮಾಡಿದ್ದರು. ಅಭ್ಯಾಸ ಇತ್ತು.

ಆಟ ಗೆದ್ದಿತು. ಮೂರನೇ ವಾರಕ್ಕೆ ತರಬೇತಿಯವರೆಲ್ಲ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಸರಿ ಮಾಡುತ್ತಿದ್ದರು. ಕಚೇರಿಯ ನಿರ್ದೇಶಕರು ಹೊಗಳಿಕೆಯಲ್ಲಿ ತುಂಬಾ ಬಿಗಿ ಮನುಷ್ಯ, ಬೇಸಿಗೆಯಲ್ಲೂ ಸ್ವೆಟರಿನ ಗುಂಡಿ ಬಿಚ್ಚದವರು, ಅಂಥವರೇ ನನ್ನ ಬೆನ್ನು ತಟ್ಟಿದರು. ತಟ್ಟಿದ್ದಷ್ಟೇ ಅಲ್ಲ, ಊಟವಾದ ಮೇಲೆ ತಾವೂ ಒಂದು ಹೆಡ್‌ಫೋನ್ ಹಾಕಿಕೊಂಡು ಆಡುತ್ತಿದ್ದರು, ಅಂಕಗಳ ಹಲಗೆಯಲ್ಲಿ ಮೇಲಿನ ಸಾಲಿಗೇರಿದ್ದರು. ಬೇರೆ ನಗರಗಳ ಅಧಿಕಾರಿಗಳು ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಅಲ್ಲೆಲ್ಲ ನನ್ನ ಆಟವೇ.

ಒಬ್ಬರಿಗೆ ಮಾತ್ರ ಆಟ ಕೈಹತ್ತಲಿಲ್ಲ. ಅವರನ್ನು ಎಲ್ಲರೂ ಈಜು ಟೀಚರ್ ಎಂದೇ ಕರೆಯುತ್ತಿದ್ದರು, ಮೊದಲು ಅದೇ ಕೆಲಸ ಮಾಡುತ್ತಿದ್ದವರು. ನಲವತ್ತು ದಾಟಿದ ಹೆಂಗಸು, ಅಗಲ ಭುಜ, ಕೊಳದ ಆ ದಡಕ್ಕೆ ಕೇಳಿಸಲೆಂದು ಬೆಳೆಸಿಕೊಂಡ ಗಂಟಲು. ಅವರ ಈಜುಕೊಳವನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡಿದ ಮೇಲೆ ಇಲ್ಲಿಗೆ ಬಂದಿದ್ದರು. ಹತ್ತರಲ್ಲಿ ಆರು ಕರೆ ಸರಿ ಮಾಡುತ್ತಿದ್ದರು, ಎಷ್ಟು ತಿಣುಕಿದರೂ ಆರೇ. ನಿಧಾನ ಬೇರೆ. ಪರದೆಯ ಮೇಲಿನ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಕೇಳಿ ಮುಗಿಸಿ, ಇನ್ನೂ ಕೇಳಬೇಕಾದ್ದು ಇತ್ತು ಎಂದು ಗೊಣಗುತ್ತಿದ್ದರು. ವಾರದ ಕೊನೆಗೆ ಅಂಕ ಏರದಿದ್ದರೆ ಮನೆಗೆ ಕಳಿಸುವುದೆಂದು ನಿರ್ದೇಶಕರು ತೀರ್ಮಾನಿಸಿದ್ದರು. ಅದನ್ನು ಅವರಿಗೆ ಹೇಳಿಯೂ ಆಗಿತ್ತು.

ಆ ದಿನ ಕೈತೊಳೆಯುವ ಜಾಗದಲ್ಲಿ ಈಜು ಟೀಚರ್ ಸಿಕ್ಕರು. ಏನು ಹೇಳುವುದೆಂದು ತಿಳಿಯದೆ ಸೋಪಿನ ಬಗ್ಗೆ ಏನೋ ಅಂದೆ. ಅವರು ಸೋಪಿನ ಮಾತನ್ನು ಅಲ್ಲಿಗೇ ಬಿಟ್ಟರು.

"ಈ ಕೆಲಸ ನಂಗೆ ಬೇಕು ಮೇಡಂ," ಅಂದರು. "ನೀರಲ್ಲಿ ಯಾರಿಗಾದ್ರೂ ಉಸಿರು ಕಟ್ತಾ ಇದ್ರೆ ದಡದಿಂದಾನೇ ಗೊತ್ತಾಗ್ತಿತ್ತು ನಂಗೆ. ಇಲ್ಲಿ ಮಾತ್ರ ಯಾಕೆ ಗೊತ್ತಾಗ್ತಿಲ್ಲ? ಬೇರೆಯವ್ರೆಲ್ಲ ಅದು ಹೆಂಗೆ ಕಂಡುಹಿಡೀತಾರೆ, ಸ್ವಲ್ಪ ಹೇಳಿಕೊಡಿ."

ನಾನು ತೊಳೆದ ಕೈಯನ್ನೇ ಮತ್ತೆ ತೊಳೆದೆ. ಏಕೆಂದರೆ ಬೇರೆಯವರು ಹೇಗೆ ಕಂಡುಹಿಡಿಯುತ್ತಾರೆ ಎಂಬುದು ನನಗೂ ಗೊತ್ತಿರಲಿಲ್ಲ. ಆ ಆಟವನ್ನು ಮಾಡಿದವಳೇ ನಾನು, ಮತ್ತು ನನಗೆ ಗೊತ್ತಿರಲಿಲ್ಲ. ಈ ಯೋಚನೆ ಬಂದದ್ದೇ ತಡ, ಹಳೆಯ ಹುಳ ತಲೆಯಲ್ಲಿ ಕೊರೆಯತೊಡಗಿತು.

ಕಂಪ್ಯೂಟರಿನಲ್ಲಿ ಎಲ್ಲ ದಾಖಲಾಗಿರುತ್ತದೆ, ಯಾರು ಯಾವಾಗ ಏನು ಒತ್ತಿದರು ಎಂದು. ಕೂತು ನೋಡಿದೆ. ಅಂಕಗಳಲ್ಲಿ ಎಲ್ಲರಿಗಿಂತ ಮುಂದಿದ್ದವನನ್ನು ಗೆಳೆಯರು ಮಿಂಚು ಎನ್ನುತ್ತಿದ್ದರು, ಮುಂಚೆ ಎಲ್ಲೋ ಪಾರ್ಸೆಲ್ ಹಂಚುತ್ತಿದ್ದ ಚುರುಕು ಮನುಷ್ಯ. ಅವನು ಒಂದು ಕರೆಗೆ ಕೆಂಪು ಒತ್ತಿದ ಹೊತ್ತನ್ನು ನೋಡಿದರೆ, ಆ ಕಡೆಯವರು ಇನ್ನೂ ಹಲೋ ಅಂದಿರಲಿಲ್ಲ. ನನ್ನ ಲೆಕ್ಕ ತಪ್ಪಿರಬೇಕೆಂದು ಇನ್ನೊಂದು ಕರೆ ನೋಡಿದೆ. ಅಲ್ಲೂ ಹಾಗೆಯೇ. ಬೇರೆಯವರದ್ದು ನೋಡಿದೆ. ಎಲ್ಲರೂ ಅಷ್ಟು ಬೇಗ ಇಲ್ಲ, ಆದರೆ ಹೆಚ್ಚು ಕಡಿಮೆ ಮೊದಲ ಮಾತು ಮುಗಿಯುವುದರೊಳಗೆ ತೀರ್ಮಾನ ಆಗಿಹೋಗಿರುತ್ತಿತ್ತು. ಆಮೇಲೆ ಕೇಳಿದ ಪ್ರಶ್ನೆಗಳೆಲ್ಲ ಬರೀ ಶಾಸ್ತ್ರಕ್ಕೆ.

ಕರೆಗಳು ಬಾಯಿಪಾಠ ಆಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮನೆಗೆ ಹೋಗಿ ಅತ್ತೆಯನ್ನೂ ಗಂಡನನ್ನೂ ಹಿಡಿದು ನಿಲ್ಲಿಸಿ, ಕೂರಿಸಿ, ಹೊಚ್ಚ ಹೊಸ ಕರೆಗಳನ್ನು ಮಾಡಿಸಿದೆ. ಈ ಸಲ ಉಲ್ಟಾ ಬುದ್ಧಿ ಉಪಯೋಗಿಸಿದೆ. ಗಂಭೀರವಾದ ಕರೆಯಲ್ಲಿ ಅತ್ತೆ ನಗುನಗುತ್ತಾ ಮಾತಾಡಿದರು, ಏನಿಲ್ಲಮ್ಮ ಸ್ವಲ್ಪ ಎಡಗೈ ಜೋಮು ಎಂದು. ಹುಸಿ ಕರೆಯಲ್ಲಿ ನನ್ನ ಗಂಡ ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವ ಹಾಗೆ ಕಿರುಚಿದರು. ಮರುದಿನ ಅವುಗಳನ್ನು ಆಟಕ್ಕೆ ಸೇರಿಸಿದೆ. ಮಿಂಚು ಒಂದರಲ್ಲೂ ತಪ್ಪಲಿಲ್ಲ. ಕಿರುಚಿದ್ದಕ್ಕೆ ಹಸಿರು, ನಕ್ಕದ್ದಕ್ಕೆ ಕೆಂಪು. ಈಜು ಟೀಚರ್ ಮತ್ತೆ ಆರಕ್ಕೇ ನಿಂತರು.

ಮಿಂಚುವಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವನು ಉತ್ತರಗಳನ್ನು ಕದ್ದಿರಬಹುದು ಅಂತಲೂ ಒಳಗೊಳಗೆ ಅನುಮಾನ ಇತ್ತು. ಅವನು ತಲೆ ಕೆರೆದುಕೊಂಡ. ಪಾಪ, ಪ್ರಾಮಾಣಿಕವಾಗಿಯೇ ಹುಡುಕಿದ. ಕೊನೆಗೆ, ಏನೋ ಒಂಥರಾ ಅನ್ನಿಸುತ್ತದೆ, ಕರೆ ಬಂದ ಕೂಡಲೇ ಮೈಗೆ ಗೊತ್ತಾಗುತ್ತದೆ ಎಂದ. ನಿರ್ದೇಶಕರನ್ನು ಕೇಳಿದರೆ ಅವರೂ ಕನ್ನಡಕ ತೆಗೆದು ಒರೆಸುತ್ತಾ ಅದನ್ನೇ ಹೇಳಿದರು. ಅನುಭವದಿಂದ ಬರುವ ಒಳಗಿವಿ ಎಂಬ ಮಾತು ಬಳಸಿದರು. ನನ್ನ ಆಟ ಜನರಲ್ಲಿ ಒಳಗಿವಿ ಬೆಳೆಸಿದೆ ಎಂದು ಬರಲಿರುವ ಅತಿಥಿಗಳಿಗೆ ಹೇಳುವವರಿದ್ದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮೂರು ವಾರದಲ್ಲಿ ಒಳಗಿವಿ ಬರುವುದಾದರೆ ಡಾಕ್ಟರುಗಳು ಅಷ್ಟು ವರ್ಷ ಯಾಕೆ ಓದುತ್ತಾರೆ?

ಆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಕರೆಯನ್ನು ಕೇಳುತ್ತಿದ್ದೆ. ಮಾತಿನ ಮೊದಲ ಅಕ್ಷರ, ಮೊದಲ ಉಸಿರು. ಏನೂ ಇಲ್ಲ. ಅತ್ತೆ ಪಾತ್ರೆ ಒರೆಸುತ್ತಿದ್ದರು. ಅಷ್ಟರಲ್ಲಿ ಅವರ ತಂಗಿಯ ಫೋನ್ ಬಂತು, ನನಗೆ ಚಿಕ್ಕತ್ತೆ. ಅತ್ತೆಗೆ ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಮಾತಾಡಬೇಕು, ಕೈ ಬಿಡುವಿರುವುದಿಲ್ಲ.

ಅತ್ತೆ ಇನ್ನೂ ಬಾಯಿ ತೆರೆದಿರಲಿಲ್ಲ. ಫೋನಿನೊಳಗಿಂದ ಚಿಕ್ಕತ್ತೆಯ ದನಿ ಬಂತು. "ಏನಕ್ಕಾ, ಇನ್ನೂ ಅಡುಗೆಮನೇಲೇ ಇದ್ದೀಯಾ?"

ನಾನು ಹೆಡ್‌ಫೋನ್ ತೆಗೆದೆ.

ಅಕ್ಕತಂಗಿಯರ ಮಾತಿನ ನಡುವೆ ಮೂಗು ತೂರಿಸುವುದು ನಮ್ಮ ಮನೆಯಲ್ಲಿ ಅಪರಾಧ. ಆದರೂ ತೂರಿಸಿದೆ. ಚಿಕ್ಕತ್ತೆ, ನಿಮಗೆ ಹೇಗೆ ಗೊತ್ತಾಯಿತು, ಇವರು ಮಾತೇ ಆಡಿಲ್ಲವಲ್ಲ ಅಂದೆ. ಆ ಕಡೆಯಿಂದ ನಗು ಬಂತು.

"ನಿಮ್ಮನೆ ಮುದುಕ ಗೊರಕೆ ಹೊಡೀತಾನಲ್ಲ, ಅಷ್ಟು ಸಾಲದಾ?"

ಮುದುಕ ಅಂದರೆ ನಮ್ಮ ಫ್ರಿಜ್. ಅತ್ತೆ ಈ ಮನೆಗೆ ಬಂದ ಹೊಸದರಲ್ಲಿ ಕೊಂಡದ್ದು. ಬಾಗಿಲಿನ ರಬ್ಬರನ್ನು ಎರಡು ಸಲ ಬದಲಾಯಿಸಿ, ಹಿಡಿಕೆಗೆ ದಾರ ಸುತ್ತಿ, ಮಾರುವ ಮಾತೆತ್ತಿದವರ ಮೇಲೆ ಹರಿಹಾಯ್ದು ಉಳಿಸಿಕೊಂಡದ್ದು. ಅದು ಸದ್ದು ಮಾಡುತ್ತದೆ ಎಂಬುದು ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ. ವರ್ಷಗಟ್ಟಲೆ ಒಟ್ಟಿಗಿದ್ದ ಮೇಲೆ ಯಾರ ಗೊರಕೆಯೂ ಕೇಳಿಸುವುದಿಲ್ಲ. ಈಗ ಕಿವಿಗೊಟ್ಟೆ. ಗುಂಯ್ ಎಂದು, ಸಣ್ಣಗೆ, ಬಿಡದೆ. ಲ್ಯಾಪ್‌ಟಾಪಿನಲ್ಲಿ ಎದೆನೋವಿನ ಕರೆಯನ್ನು ಹಾಕಿ, ಅತ್ತೆ ಮಾತು ಶುರು ಮಾಡುವ ಮುಂಚಿನ ಜಾಗದಲ್ಲಿ ದನಿ ಏರಿಸಿದೆ. ಗುಂಯ್. ಗಂಡನ ಮುಳ್ಳಿನ ಕರೆ ಹಾಕಿದೆ. ಬಟ್ಟೆಗಳ ನಡುವಿನ ಮೌನ. ಇನ್ನೊಂದು ಗಂಭೀರ ಕರೆ, ಗುಂಯ್. ಇನ್ನೊಂದು ಹುಸಿ ಕರೆ, ಮೌನ.

ನನ್ನ ನಿಂತ ದನಿ, ಕೂತ ದನಿಯ ಸಿದ್ಧಾಂತ ಅಲ್ಲೇ ಕುಸಿದು ಕೂತಿತು. ಒಂದು ಕ್ಷಣ ನಗು ಬಂತು, ಮರುಕ್ಷಣ ಲ್ಯಾಪ್‌ಟಾಪ್ ಮುಚ್ಚಿದೆ. ನಾನು ಊರಿನ ಆಂಬುಲೆನ್ಸ್ ಕಚೇರಿಗೆ ಕಲಿಸಿದ್ದು ರೋಗಿಯ ಮಾತು ಕೇಳುವುದನ್ನಲ್ಲ. ನಮ್ಮ ಫ್ರಿಜ್ಜಿನ ಗೊರಕೆ ಕೇಳುವುದನ್ನು. ಮುಂದಿನ ವಾರ ಇವರೆಲ್ಲ ನಿಜವಾದ ಫೋನ್ ಎತ್ತುವವರು, ಮತ್ತು ನಿಜವಾದ ಎದೆನೋವು ಎಲ್ಲ ಮನೆಯಲ್ಲೂ ಅಡುಗೆಮನೆಯಲ್ಲೇ ಬರುವುದಿಲ್ಲ.

ಅತ್ತೆಗೆ ಹೇಳಿದೆ. ಅವರು ಫ್ರಿಜ್ಜಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ಇದಕ್ಕೇನಾ ಸಂಬಳ ಕೊಡೋದು ಎಂದು ಕೇಳಲಿಲ್ಲ. ಅದು ಅವರ ದೊಡ್ಡತನ. ಒರೆಸುತ್ತಿದ್ದ ತಟ್ಟೆಯನ್ನು ಮತ್ತೊಮ್ಮೆ ಒರೆಸಿದರು.

"ಹಂಗಾದ್ರೆ ಆ ಈಜು ಕಲಿಸೋ ಹೆಂಗಸಿಗೆ ಯಾಕೆ ಕೇಳಿಸ್ಲಿಲ್ಲ? ಕಿವಿ ಮಂದಾನಾ?"

ಅತ್ತೆ ಕೇಳಿದ್ದೇ ನನ್ನ ಪ್ರಶ್ನೆಯೂ ಆಗಿತ್ತು. ಮರುದಿನ ಎಲ್ಲರಿಗಿಂತ ಮೊದಲು ಹೋಗಿ ತರಬೇತಿಯ ಕೋಣೆಯಲ್ಲಿ ನಿಂತೆ. ಸಾಲಾಗಿ ಮೇಜುಗಳು, ನಡುವೆ ಅಡ್ಡ ಹಲಗೆ, ಕೊನೆಯಲ್ಲಿ ತರಬೇತಿದಾರರ ಗಾಜಿನ ಕೋಣೆ. ಈಜು ಟೀಚರ್ ದಿನವೂ ಕೂರುವುದು ಮೂಲೆಯ ಕುರ್ಚಿಯಲ್ಲಿ. ಆ ಕುರ್ಚಿಯ ನೆತ್ತಿಯ ಮೇಲೆ ಏಸಿ. ತಲೆಯ ಮೇಲೆ ತಣ್ಣನೆ ಗಾಳಿ ಸುರಿಯುತ್ತದೆಂದು ಉಳಿದವರು ಅಲ್ಲಿ ಕೂರಲು ಒಪ್ಪುವುದಿಲ್ಲ, ತಣ್ಣೀರಿನಲ್ಲೇ ಬದುಕಿದ ಅವರಿಗೆ ಅದು ಲೆಕ್ಕಕ್ಕಿಲ್ಲ. ನಾನು ಅಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ಎದೆನೋವು ಹಾಕಿದೆ, ಮುಳ್ಳು ಹಾಕಿದೆ. ಏಸಿಯ ಸದ್ದು ಎಲ್ಲ ಕರೆಗೂ ಒಂದೇ ಸಮನೆ ಗುಂಯ್ಗುಡುತ್ತಿತ್ತು. ಮುದುಕನ ಗೊರಕೆ ಅದರೊಳಗೆ ಮುಳುಗಿ ಹೋಗಿತ್ತು.

ಅಂದರೆ ಇಷ್ಟು ದಿನ ಆ ಕೋಣೆಯಲ್ಲಿ ಮಾತು ಕೇಳಿ ತೀರ್ಮಾನ ಮಾಡುತ್ತಿದ್ದದ್ದು ಅವರೊಬ್ಬರೇ. ಹತ್ತಕ್ಕೆ ಆರು ಎಂಬುದೊಂದೇ ನಿಜವಾದ ಅಂಕ. ಅದಕ್ಕಾಗಿ ಅವರನ್ನು ಮನೆಗೆ ಕಳಿಸುವವರಿದ್ದರು.

ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಫ್ರಿಜ್ ಎಂಬ ಮಾತು ಬಂದಾಗ ಅವರ ಹುಬ್ಬು ಮೇಲೇರಿ ಅಲ್ಲೇ ನಿಂತಿತು. ಅವರು ಕೂಗಾಡುವವರಲ್ಲ. ಅತಿಥಿಗಳು ನಾಡಿದ್ದು ಬರುತ್ತಾರೆ, ಒಬ್ಬರ ಅಂಕ ಕಡಿಮೆ ಬಂತು ಅಂತ ಇಡೀ ಆಟವನ್ನೇ ಅನುಮಾನಿಸುವುದು ಸರಿಯಲ್ಲ, ತಮಗಂತೂ ಕರೆ ಬಂದಾಗ ಯಾವ ಸದ್ದೂ ಕೇಳಿಸಿಲ್ಲ, ಮನುಷ್ಯರ ದನಿಯೇ ಕೇಳಿಸಿದೆ ಎಂದು ಮೆಲ್ಲಗೆ, ಗಟ್ಟಿಯಾಗಿ ಹೇಳಿದರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅದನ್ನು ಅಲ್ಲೇ ಹಿಡಿದಿಟ್ಟುಕೊಂಡು, ಹಾಗಾದರೆ ಇನ್ನೊಂದೆರಡು ಹೊಸ ಕರೆ ಇದೆ, ಆಡಿ ನೋಡಿ ಅಂದೆ. ಆಟ ಅಂದರೆ ಅವರಿಗೆ ಇಲ್ಲ ಅನ್ನಲಾಗುವುದಿಲ್ಲ.

ಆ ಕರೆಗಳನ್ನು ಹಿಂದಿನ ಸಂಜೆಯೇ ಮಾಡಿಟ್ಟುಕೊಂಡಿದ್ದೆ. ಎರಡರಲ್ಲೂ ಯಾರೂ ಮಾತಾಡುವುದಿಲ್ಲ. ಒಂದು, ಬರೀ ಮಲಗುವ ಕೋಣೆ. ಇನ್ನೊಂದು, ಬರೀ ಅಡುಗೆಮನೆ.

ನಿರ್ದೇಶಕರು ಹೆಡ್‌ಫೋನ್ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರು. ಮೊದಲು ಮಲಗುವ ಕೋಣೆ. ಸ್ವಲ್ಪ ಹೊತ್ತು ಕಾದು ಹಸಿರು ಒತ್ತಿದರು. ಆಮೇಲೆ ಅಡುಗೆಮನೆ. ಅವರ ಬೆರಳು ಯೋಚನೆಯನ್ನೇ ಮಾಡಲಿಲ್ಲ, ಕೆಂಪು ಒತ್ತಿತು. ಒತ್ತಿದ ಮೇಲೆ ನನ್ನ ಕಡೆ ತಿರುಗಿ, ಯಾರದು, ಏನಾಗಿತ್ತು ಅವರಿಗೆ ಎಂದು ಕೇಳಿದರು.

"ನಮ್ಮ ಫ್ರಿಜ್ ಸರ್," ಅಂದೆ. "ಅದಕ್ಕೆ ಆಂಬುಲೆನ್ಸ್ ಕಳಿಸಿದ್ರಿ."

ಅವರು ಕನ್ನಡಕ ತೆಗೆದರು, ಒರೆಸಲು ಮರೆತು ಕೈಯಲ್ಲೇ ಹಿಡಿದುಕೊಂಡರು. ಮತ್ತೊಮ್ಮೆ ಹಾಕಿ ಅಂದರು. ಹಾಕಿದೆ. ಇನ್ನೊಮ್ಮೆ ಅಂದರು. ಈಗ ಅವರಿಗೂ ಕೇಳಿಸುತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಕನ್ನಡಕ ಮತ್ತೆ ಹಾಕಿಕೊಂಡು, ಉಳಿದವರನ್ನೂ ನೋಡೋಣ ಅಂದರು.

ಬೆಳಗಿನ ತರಬೇತಿಯ ನಡುವೆ ಯಾರಿಗೂ ಹೇಳದೆ ಅಡುಗೆಮನೆಯ ಕರೆಯನ್ನು ಸೇರಿಸಿದೆವು. ನಾವಿಬ್ಬರೂ ಗಾಜಿನ ಕೋಣೆಯಲ್ಲಿ ಕೂತು, ಒಬ್ಬೊಬ್ಬರ ಕರೆಗೂ ಕಿವಿಗೊಟ್ಟೆವು. ಮಿಂಚು ಕೆಂಪು ಒತ್ತಿ, ಆಕಳಿಸಿ, ನೀರು ಕುಡಿದ. ಅವನ ಪಕ್ಕದವಳು ಕೆಂಪು. ಅದರಾಚೆಯವರು ಕೆಂಪು. ಒಬ್ಬರೂ ಹಲೋ ಎನ್ನಲಿಲ್ಲ. ಪರದೆಯ ಮೇಲೆ ಒಂದಾದ ಮೇಲೆ ಒಂದು ಕೆಂಪು ಚುಕ್ಕೆ ಹೊತ್ತಿಕೊಳ್ಳುವುದನ್ನು ನೋಡುತ್ತಾ ನನಗೆ ನಾಚಿಕೆಯಾಯಿತು, ಅದರ ಜೊತೆಗೇ ಒಂದು ಬಗೆಯ ಕಳ್ಳ ಕುತೂಹಲವೂ ಇತ್ತು. ಮನುಷ್ಯರು ಎಷ್ಟು ಚೆನ್ನಾಗಿ ಕಲಿಯುತ್ತಾರೆ, ನಾವು ಕಲಿಸದೇ ಇದ್ದದ್ದನ್ನೂ!

ಈಜು ಟೀಚರ್ ಅವರ ಸರದಿ ಉಳಿದಿತ್ತು. ನಿರ್ದೇಶಕರು ನನ್ನ ಕಡೆ ನೋಡದೆ ಮಾತಾಡಿದರು.

"ಅವ್ರು ಕೂತಿದ್ದ ಜಾಗದಿಂದ ಹಿಂಗಾಯ್ತು ಅಂತೀರಿ. ಜಾಗ ಬದಲಾಯಿಸಿ. ಆಮೇಲೂ ಇವರ ತರಾನೇ ಒತ್ತಿದ್ರೆ, ಅವ್ರನ್ನ ಮಾತ್ರ ಉಳಿಸ್ಕೊಳ್ಳೋಕೆ ನನ್ನತ್ರ ಕಾರಣ ಇರಲ್ಲ."

ಅದು ನ್ಯಾಯವೇ. ಮೂಲೆಗೆ ಹೋಗಿ, ಇವತ್ತು ಈ ಕಡೆ ಕೂತುಕೊಳ್ಳಿ ಎಂದು ಅವರಿಗೆ ಹೇಳಿದೆ. ಅವರು ತಮ್ಮ ನೀರಿನ ಬಾಟಲಿ ಎತ್ತಿಕೊಂಡು, ಇದು ಕೊನೆಯದಾ ಎಂದು ಕೇಳಿದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ, ಹೌದು ಅಂದೆ. ಅವರು ಏಸಿಯಿಂದ ದೂರ, ಗಾಜಿನ ಕೋಣೆಯ ಪಕ್ಕದ ಕುರ್ಚಿಯಲ್ಲಿ ಕೂತು, ನೀರಿಗೆ ಇಳಿಯುವ ಮುನ್ನ ಮಾಡುವ ಹಾಗೆ ಭುಜಗಳನ್ನು ಒಮ್ಮೆ ತಿರುಗಿಸಿಕೊಂಡರು.

ಕರೆ ಹೋಯಿತು. ಖಾಲಿ ಅಡುಗೆಮನೆ. ನಮ್ಮ ಸ್ಪೀಕರಿನಲ್ಲೂ ಗುಂಯ್ ಎಂದಿತು.

ಅವರು ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಪರದೆಯ ಮೇಲಿನ ಪ್ರಶ್ನೆಗಳನ್ನೊಮ್ಮೆ ನೋಡಿದರು. ಅಲ್ಲಿ ಇದಕ್ಕೆ ಪ್ರಶ್ನೆ ಇರಲಿಲ್ಲ, ನಾನು ಬರೆದಿರಲಿಲ್ಲ. ಅವರು ಪರದೆಯಿಂದ ಕಣ್ಣು ತೆಗೆದರು.

"ಹಲೋ. ಆಂಬುಲೆನ್ಸ್. ಹೇಳಿ," ಅಂದರು. ಕಾದರು. "ಹಲೋ. ಯಾರಿದ್ದೀರಿ?"

ಗುಂಯ್.

ಅವರು ಹೆಡ್‌ಫೋನನ್ನು ಒಂದು ಕೈಯಿಂದ ಕಿವಿಗೆ ಒತ್ತಿಕೊಂಡರು. ಕೊಳದ ದಡ ದಾಟುವ ಆ ದೊಡ್ಡ ಗಂಟಲು ಈಗ ಮಗುವಿನ ಪಕ್ಕ ಕೂತು ಮಾತಾಡಿದಷ್ಟು ತಗ್ಗಿತ್ತು.

"ಫ್ರಿಜ್ ಸದ್ದು ಕೇಳಿಸ್ತಿದೆ ನಂಗೆ. ಅಡುಗೆಮನೇಲಿದ್ದೀರಾ? ಬಿದ್ದುಬಿಟ್ಟಿದ್ದೀರಾ? ಮಾತಾಡೋಕಾಗ್ದೇ ಇದ್ರೆ ಪರವಾಗಿಲ್ಲ. ಫೋನ್ ಮೇಲೆ ಒಂದೇ ಒಂದ್ಸಲ ಬೆರಳಲ್ಲಿ ತಟ್ಟಿ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

ಇಷ್ಟೂ ಜನ ಮೂರು ವಾರದಿಂದ ಆ ಸದ್ದನ್ನು ಕೇಳಿದ್ದರು. ಅದು ಫ್ರಿಜ್ ಎಂದು ಕೇಳಿಸಿಕೊಂಡವರು ಇವರೊಬ್ಬರೇ. ನಾನು ಸ್ಪೀಕರಿನ ಕಡೆ ಬಾಗಿದೆ.

ಅವರು ಕಾಯುತ್ತಲೇ ಇದ್ದರು. ಅಂಕ ಇಳಿಯುತ್ತಿದ್ದದ್ದು ಅವರ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು, ಕೆಲಸವೂ ಅದರ ಜೊತೆಗೇ ಇಳಿಯುತ್ತಿದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಅವರ ಕಣ್ಣು ಆ ಕಡೆ ಹೋಗಲಿಲ್ಲ.

"ಅವಸರ ಇಲ್ಲ. ಒಂದ್ಸಲ ತಟ್ಟಿ ಸಾಕು," ಅಂದರು.

ಗಾಜಿನ ಕೋಣೆಯಲ್ಲಿ ತರಬೇತಿದಾರರಿಗೆಂದು ಒಂದು ಮೈಕ್ ಇದೆ, ಅದರಲ್ಲಿ ಮಾತಾಡಿದರೆ ಆಡುವವರ ಕಿವಿಗೆ ಕೇಳಿಸುತ್ತದೆ. ನಿರ್ದೇಶಕರು ಅದನ್ನು ತಮ್ಮ ಕಡೆ ಎಳೆದುಕೊಂಡರು. ಆಟ ನಿಲ್ಲಿಸಲು ಹೇಳುತ್ತಾರೆ ಅಂದುಕೊಂಡೆ. ಅವರು ಸ್ವೆಟರಿನ ತೋಳನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ತೋರುಬೆರಳನ್ನು ಮಡಿಸಿ, ಮೈಕಿನ ಮೇಲೆ ಒಂದು ಸಲ ತಟ್ಟಿದರು.

ಗಾಜಿನಾಚೆ ಈಜು ಟೀಚರ್ ಅವರ ಬೆನ್ನು ನೆಟ್ಟಗಾಯಿತು. ಕೈ ಕೆಂಪು ಗುಂಡಿಯ ಮೇಲೆ ಹೋಗಿ ಒತ್ತಿತು. ಗುಂಡಿ ಒತ್ತಿದ ಮೇಲೂ ಅವರು ಹೆಡ್‌ಫೋನ್ ತೆಗೆಯಲಿಲ್ಲ.

"ಕೇಳಿಸ್ತು," ಅಂದರು. "ಗಾಡಿ ಹೊರಡ್ತು. ಫೋನ್ ಇಡಬೇಡಿ, ಅವ್ರು ಬರೋವರೆಗೂ ನನ್ನ ಜೊತೆ ತಟ್ಟುತ್ತಾ ಇರಿ."

ನಿರ್ದೇಶಕರು ನನ್ನ ಕಡೆ ತಿರುಗಲಿಲ್ಲ. ಮೈಕಿನ ಮೇಲೆ ಇನ್ನೊಂದು ಸಲ ತಟ್ಟಿದರು, ಆಮೇಲೆ ಮತ್ತೊಂದು ಸಲ.